ಮತದಿಂದ ನಂಬಿಕೆಗೆ: ಪಂಡಿತಾ ರಮಾಬಾಯಿಯವರ ಆತ್ಮಸಾಕ್ಷ್ಯ

೧

ತುಂಗಭದ್ರೆಗೆ ಸಮೀಪವಾಗಿ ಹೂವಿನಹಡಗಲಿ ತಾಲ್ಲೂಕಿನಲ್ಲಿರುವ ಮೈಲಾರ ಕ್ಷೇತ್ರದಲ್ಲಿ ಪ್ರತಿವರ್ಷವೂ ಭರತ ಹುಣ್ಣಿಮೆಯ ಸಮಯಕ್ಕೆ ನೆರೆಯುವ ಜಾತ್ರೆಯು ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ಗೊರವಯ್ಯನು ದಿನಗಟ್ಟಲೆ ಉಪವಾಸವ್ರತವನ್ನು ನಡೆಸಿ, ಡೆಂಕನಮರಡಿಯಲ್ಲಿ ನಿಲ್ಲಿಸಿದ ದೊಡ್ಡ ಬಿಲ್ಲನ್ನೇರಿ, ನೆರೆದ ಜನಸಾಗರವನ್ನು ಒಂದು ಕೂಗಿನಿಂದ ನಿಶ್ಶಬ್ದಗೊಳಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಅದೇ ಕಾರಣಿಕ. ಮಳೆ ಬೆಳೆಗಳ ಮೇಲೂ ರಾಜ್ಯಭಾರದ ಮೇಲೂ ಆ ವಾಕ್ಯಕ್ಕೆ ಏನರ್ಥವೆಂದು ಜನರು ವರ್ಷವಿಡೀ ವಿಚಾರಮಾಡುತ್ತಾರೆ. ಈ ಆಚಾರದಲ್ಲಿ ಹುದುಗಿರುವ ಭಾವನೆಯು ಗಮನಾರ್ಹವಾದುದು. ನುಡಿ ದೊರೆಯಬೇಕಾದರೆ ಮೊದಲು ದೇಹವು ದಣಿಯಬೇಕು. ಆದರೆ ದೊರೆತ ನುಡಿಯು ದಣಿದವನ ಸ್ವಂತದ್ದಲ್ಲ. ವ್ರತವು ಮನುಷ್ಯನದು, ವಾಕ್ಯವು ದೈವದ್ದು. ಮನುಷ್ಯನ ಪ್ರಯತ್ನವು ಎಲ್ಲಿ ಮುಗಿಯುತ್ತದೆ, ದೈವದ ದಾನವು ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆಯು ಕ್ಷೇತ್ರಯಾತ್ರೆ, ವ್ರತ, ಹರಕೆಗಳನ್ನು ನಡೆಸುವ ಎಲ್ಲ ಜನರ ಮುಂದೆಯೂ ಇರುವ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆಯನ್ನು ತನ್ನ ಬಾಳಿನಲ್ಲಿ ಎದುರಿಸಿ, ಅದಕ್ಕೆ ತಾನು ಕಂಡುಕೊಂಡ ಉತ್ತರವನ್ನು ಲೇಖನರೂಪದಲ್ಲಿ ಉಳಿಸಿಹೋದವರಲ್ಲಿ ಕನ್ನಡ ನಾಡಿನಲ್ಲಿ ಜನಿಸಿದ ಒಬ್ಬ ಸ್ತ್ರೀಯೂ ಸೇರಿದ್ದಾರೆ. ಪಂಡಿತಾ ರಮಾಬಾಯಿಯವರು (೧೮೫೮–೧೯೨೨) ಮಹಾರಾಷ್ಟ್ರದ ಸ್ತ್ರೀವಿದ್ಯಾಭ್ಯಾಸದ ಚರಿತ್ರೆಗೂ ಭಾರತೀಯ ಕ್ರೈಸ್ತರ ಚರಿತ್ರೆಗೂ ಸೇರಿದವರೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿದ್ದಾರೆ. ಆದರೆ ಅವರು ಹುಟ್ಟಿದುದು ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಗಂಗಾಮೂಲದ ಅರಣ್ಯದಲ್ಲಿ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ರಮಾಬಾಯಿಯವರು ೧೯೦೭ರಲ್ಲಿ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ, ‘ಅಕ್ಷಯನಿಧಿಯ ಸಾಕ್ಷ್ಯ’ ಎಂಬರ್ಥದ ಹೆಸರುಳ್ಳ ಒಂದು ಚಿಕ್ಕ ಪುಸ್ತಕವು ಅವರ ಅಂತರಂಗದ ಚರಿತ್ರೆಯಾಗಿದೆ. ಈ ‘ಸಾಕ್ಷ್ಯ’ವು ಮತಪ್ರಚಾರದ ಪುಸ್ತಿಕೆಯೆಂಬ ಕಾರಣದಿಂದ ಕೆಲವರ ಉಪೇಕ್ಷೆಗೂ, ಅದೇ ಕಾರಣದಿಂದ ಮತ್ತೆ ಕೆಲವರ ಅತಿಸ್ತುತಿಗೂ ಗುರಿಯಾಗಿದೆ. ಎರಡನ್ನೂ ಬದಿಗಿರಿಸಿ, ಅದರಲ್ಲಿ ವರ್ಣಿತವಾದ ವಿಘ್ನ ಯಾವುದು, ನಂಬಿಕೆಯು ಆ ವಿಘ್ನವನ್ನು ಹೇಗೆ ಗೆದ್ದಿತು ಎಂಬುದನ್ನು ಪರಿಶೀಲಿಸುವುದು ಯುಕ್ತವಾಗಿದೆ.

೨

ಪುಸ್ತಕದ ಪೂರ್ವಾರ್ಧವು ಬಾಹ್ಯ ಸಂಕಟಗಳ ಕಥೆ. ಅನಂತ ಶಾಸ್ತ್ರಿಗಳು ವೇದಶಾಸ್ತ್ರಸಂಪನ್ನರು, ಆಚಾರನಿಷ್ಠರು. ಆದರೂ ಒಂದು ವಿಷಯದಲ್ಲಿ ಮಾತ್ರ ಸಮಾಜದ ಮಾತಿಗೆ ಕಿವಿಗೊಡದವರು. ಪೇಶವೆಯ ಅರಮನೆಯಲ್ಲಿ ಒಬ್ಬ ರಾಣಿಗೆ ಸಂಸ್ಕೃತಪಾಠ ನಡೆಯುತ್ತಿದ್ದುದನ್ನು ತಮ್ಮ ವಿದ್ಯಾರ್ಥಿದಶೆಯಲ್ಲಿ ಕಂಡು, ತಮ್ಮ ಪತ್ನಿಗೂ ಸಂಸ್ಕೃತವನ್ನು ಕಲಿಸಬೇಕೆಂದು ಸಂಕಲ್ಪಿಸಿದರು. ಪ್ರಥಮ ಪತ್ನಿಯ ವಿಷಯದಲ್ಲಿ ಈಡೇರದ ಆ ಸಂಕಲ್ಪವು ದ್ವಿತೀಯ ಪತ್ನಿಯಾದ ಲಕ್ಷ್ಮೀಬಾಯಿಯವರ ವಿಷಯದಲ್ಲಿ ಈಡೇರಿತು. ಸ್ತ್ರೀಗೆ ದೇವಭಾಷೆಯನ್ನು ಕಲಿಸುವುದು ಅಧರ್ಮವೆಂಬ ಆಕ್ಷೇಪಣೆ ಹುಟ್ಟಿ, ಶಾಸ್ತ್ರಿಗಳು ಉಡುಪಿಯಲ್ಲಿ ನೆರೆದ ವಿದ್ವತ್ಸಭೆಯ ಮುಂದೆ ಉತ್ತರ ಹೇಳಬೇಕಾಯಿತು. ಅವರು ಗ್ರಂಥಾಧಾರಗಳನ್ನು ಒಡ್ಡಿ ತಮ್ಮ ಪಕ್ಷವನ್ನು ಸ್ಥಾಪಿಸಿದರೆಂದು ಮಗಳು ಅಭಿಮಾನದಿಂದ ಬರೆದಿದ್ದಾರೆ. ಬಳಿಕ ಅವರು ಊರನ್ನು ಬಿಟ್ಟು ಗಂಗಾಮೂಲದ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡರು. ರಮಾಬಾಯಿಯವರು ಆರು ತಿಂಗಳ ಶಿಶುವಾಗಿದ್ದಾಗ ಸಂಸಾರವು ಆ ಆಶ್ರಮವನ್ನೂ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಅಂದಿನಿಂದ ಯಾತ್ರೆಯೇ ಮನೆಯಾಯಿತು. ದೇವಾಲಯಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣವನ್ನೋದುವುದು, ಬಂದುದರಲ್ಲಿ ಉಣ್ಣುವುದು, ಉಳಿದುದನ್ನು ದಾನಮಾಡುವುದು, ಮತ್ತೆ ಮುಂದಿನ ಕ್ಷೇತ್ರಕ್ಕೆ ನಡೆಯುವುದು: ಇದೇ ಅವರ ಜೀವನಕ್ರಮ. ಎಂಟನೆಯ ವಯಸ್ಸಿನಿಂದ ಹದಿನೈದನೆಯ ವಯಸ್ಸಿನವರೆಗೆ ತಾಯಿಯೇ ಮಗಳಿಗೆ ಗುರು.

೧೮೭೪ರ ಸುಮಾರಿಗೆ ಮದ್ರಾಸ್ ಪ್ರಾಂತದಲ್ಲಿ ಕ್ಷಾಮವು ತಲೆದೋರಿತು. ಕೂಡಿಟ್ಟ ಹಣವು ದಾನದಲ್ಲಿಯೂ ವ್ರತದಲ್ಲಿಯೂ ಕರಗಿಹೋಯಿತು. ಕೂಲಿ ಮಾಡುವುದಕ್ಕೆ ಜಾತಿಯ ಅಭಿಮಾನವೂ ಅಭ್ಯಾಸವಿಲ್ಲದ ದೇಹವೂ ಅಡ್ಡಬಂದುವು. ಭಿಕ್ಷೆ ಬೇಡುವುದಕ್ಕೆ ಲಜ್ಜೆ ಅಡ್ಡಬಂತು. ತಿರುಪತಿಯ ಸಮೀಪದ ಕಾಡಿನಲ್ಲಿ ಹನ್ನೊಂದು ಹಗಲು ಹನ್ನೊಂದು ಇರುಳು ಎಲೆ ನೀರುಗಳಿಂದ ಜೀವ ಹಿಡಿದುಕೊಂಡಿದ್ದುದನ್ನು ೧೮೯೭ರಲ್ಲಿ ತಮ್ಮ ಕ್ಷಾಮಾನುಭವಗಳನ್ನು ಕುರಿತು ಬರೆದ ಲೇಖನದಲ್ಲಿ ಅವರು ವಿವರಿಸಿದ್ದಾರೆ. ವೃದ್ಧರಾದ ತಂದೆಯವರು ಜಲಸಮಾಧಿಯನ್ನು ಹೊಂದಲು ನಿಶ್ಚಯಿಸಿದ್ದರು. ಮಗನು ಯಾವ ಕೆಲಸಕ್ಕಾದರೂ ಸಿದ್ಧನೆಂದು ಹೇಳಿ ಅವರನ್ನು ತಡೆದನು. ಆದರೂ ತಂದೆ, ತಾಯಿ, ಹಿರಿಯ ಸಹೋದರಿ ಮೂವರೂ ಕೆಲವೇ ತಿಂಗಳುಗಳಲ್ಲಿ ಗತಿಸಿದರು. ಉಳಿದವರು ರಮಾಬಾಯಿ ಮತ್ತು ಸಹೋದರ ಶ್ರೀನಿವಾಸ ಶಾಸ್ತ್ರಿ. ಇವರಿಬ್ಬರೂ ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ ೧೮೭೮ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯವನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ೧೮೮೦ರಲ್ಲಿ ಸಹೋದರನ ಮರಣ, ಅದೇ ವರ್ಷ ಬಿಪಿನ ಬಿಹಾರಿ ಮೇಧಾವಿಯವರೊಡನೆ ಜಾತಿಯನ್ನು ಮೀರಿದ ವಿವಾಹ, ೧೮೮೨ರಲ್ಲಿ ವೈಧವ್ಯ, ಮಡಿಲಲ್ಲಿ ಮನೋರಮೆಯೆಂಬ ಹಸುಗೂಸು: ಇಷ್ಟೆಲ್ಲವೂ ಇಪ್ಪತ್ತನಾಲ್ಕು ವರ್ಷ ತುಂಬುವುದರೊಳಗಾಗಿ ನಡೆದುಹೋದುವು.

ಇಂಥ ಸಾಮಗ್ರಿಯುಳ್ಳ ಲೇಖಕರು ಕರುಣರಸದಲ್ಲಿ ವಾಚಕರನ್ನು ಮುಳುಗಿಸಿಬಿಡುವುದು ಸುಲಭ. ರಮಾಬಾಯಿಯವರು ಹಾಗೆ ಮಾಡಲಿಲ್ಲ. ಜಾತಿ, ಕ್ಷಾಮ, ಮರಣ, ವೈಧವ್ಯ ಇವುಗಳಲ್ಲಿ ಯಾವುದನ್ನೂ ಅವರು ತಮ್ಮ ಆತ್ಮಕ್ಕೆ ಮುಖ್ಯವಾದ ಅಡ್ಡಿಯೆಂದು ಎಣಿಸಲಿಲ್ಲ. ಈ ಸಂಕಟಗಳು ಅವರನ್ನು ಬಳಲಿಸಿದುವೇ ಹೊರತು ತಡೆಯಲಿಲ್ಲ. ತಡೆದುದು ಬೇರೆಯದೇ ಆಗಿತ್ತು. ಪುಸ್ತಕದ ಸತ್ತ್ವವಿರುವುದು ಆ ಬೇರೆಯದನ್ನು ಹುಡುಕಿದುದರಲ್ಲಿ.

೩

ರಮಾಬಾಯಿಯವರ ಮನಸ್ಸು ಹಳೆಯ ಮತದಿಂದ ಬಿಡಿಸಿಕೊಂಡುದು ಓದಿನ ಮೂಲಕ. ಕಲ್ಕತ್ತೆಯಲ್ಲಿ ಕೇಶವಚಂದ್ರ ಸೇನರು ವೇದವನ್ನೋದಿದ್ದೀರಾ ಎಂದು ಕೇಳಿ, ಸ್ತ್ರೀಯರಿಗೆ ಅಧಿಕಾರವಿಲ್ಲವೆಂಬ ಉತ್ತರ ಬರಲು, ವೇದಗ್ರಂಥವೊಂದನ್ನು ಕೈಗಿತ್ತರು. ಧರ್ಮಶಾಸ್ತ್ರಗಳನ್ನೂ ಇತಿಹಾಸ ಪುರಾಣಗಳನ್ನೂ ಹೊಸದಾಗಿ ಓದಿದಾಗ, ಎಲ್ಲದರಲ್ಲಿಯೂ ಪರಸ್ಪರ ಭೇದವಿರುವ ಅವು ಸ್ತ್ರೀಯರನ್ನೂ ಶೂದ್ರರನ್ನೂ ಮೋಕ್ಷಕ್ಕೆ ಹೊರಗಾಗಿರಿಸುವುದರಲ್ಲಿ ಮಾತ್ರ ಒಮ್ಮತದಿಂದಿವೆಯೆಂದು ಅವರಿಗೆ ಕಂಡಿತು. ಕ್ರೈಸ್ತಮತದ ಪರಿಚಯವಾದುದೂ ಓದಿನಿಂದಲೇ. ಸಿಲ್ಚಾರಿನಲ್ಲಿದ್ದಾಗ ಮನೆಯ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಅಕಸ್ಮಾತ್ತಾಗಿ ದೊರೆಯಿತು. ಪುಣೆಯಲ್ಲಿ ನೆಹೆಮ್ಯಾ ಗೋರೆಯವರ ವಾದಗಳು ಬುದ್ಧಿಯ ಸಂದೇಹಗಳನ್ನು ಪರಿಹರಿಸಿದುವು. ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದಾಗ, ಫುಲ್ಹಮಿನಲ್ಲಿ ಪತಿತ ಸ್ತ್ರೀಯರಿಗಾಗಿ ಕ್ರೈಸ್ತ ಸಹೋದರಿಯರು ನಡೆಸುತ್ತಿದ್ದ ಆಶ್ರಮವನ್ನು ನೋಡಿ, ಸಮಾರ್ಯದ ಸ್ತ್ರೀಯೊಡನೆ ಕ್ರಿಸ್ತನು ಮಾತನಾಡಿದ ವೃತ್ತಾಂತವನ್ನು ಯೋಹಾನನ ಸುವಾರ್ತೆಯಲ್ಲಿ ಓದಿ, ತಮ್ಮ ದೇಶದ ಶಾಸ್ತ್ರಗಳಲ್ಲಿ ಕಾಣದ ಕರುಣೆ ಇಲ್ಲಿದೆಯೆಂದು ನಿರ್ಣಯಿಸಿದರು. ಅದೇ ವರ್ಷದ ಸೆಪ್ಟೆಂಬರ್ ೨೯ರಂದು ವಾಂಟೇಜಿನಲ್ಲಿ ತಾಯಿಮಗಳಿಗೆ ದೀಕ್ಷಾಸ್ನಾನವಾಯಿತು.

ಸಾಮಾನ್ಯವಾದ ಮತಾಂತರಕಥೆಯಾಗಿದ್ದರೆ ಗ್ರಂಥವು ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ‘ಸಾಕ್ಷ್ಯ’ದ ಮುಖ್ಯಕಥೆ ಮೊದಲಾಗುವುದೇ ಇಲ್ಲಿಂದ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾದ ಮೇಲೆ, ತಾವು ಪಡೆದುದು ಕ್ರೈಸ್ತಮತವೇ ಹೊರತು ಆ ಮತಕ್ಕೆ ಜೀವವಾದ ಕ್ರಿಸ್ತನನ್ನಲ್ಲವೆಂದು ತಮಗೆ ತಿಳಿಯಿತೆಂದು ಅವರು ಹೇಳುತ್ತಾರೆ. ಈ ಎಂಟು ವರ್ಷಗಳು ಆಲಸ್ಯದ ವರ್ಷಗಳಲ್ಲ. ಈ ಅವಧಿಯಲ್ಲಿಯೇ ಅವರು ಇಂಗ್ಲೆಂಡಿನ ಚೆಲ್ಟನ್ಹ್ಯಾಮಿನಲ್ಲಿ ವ್ಯಾಸಂಗ ಮಾಡಿದರು. ಅಮೆರಿಕೆಯಲ್ಲಿ ಸಂಚರಿಸಿ ೧೮೮೭ರಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ೧೮೮೯ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಲೋಕದ ಕಣ್ಣಿಗೆ ಇದು ಅವರ ಜೀವನದ ಉನ್ನತ ಶಿಖರ. ಅವರ ಕಣ್ಣಿಗೆ ಇದು ಬರಿಗೈಯ ಕಾಲ. ಈ ವಿರೋಧವೇ ಗ್ರಂಥದ ಜೀವಾಳ.

ಹಾಗಾದರೆ ಅಡ್ಡಿ ಯಾವುದು? ಅವಿದ್ಯೆಯಲ್ಲ, ವಿದ್ಯೆ. ಅಶ್ರದ್ಧೆಯಲ್ಲ, ಮತಶ್ರದ್ಧೆ. ಬಾಲ್ಯದಲ್ಲಿ ತೀರ್ಥಸ್ನಾನ, ಉಪವಾಸ, ದಾನಗಳಿಂದ ಪುಣ್ಯವನ್ನು ಗಳಿಸಬೇಕೆಂದು ಕಲಿತ ಮನಸ್ಸು, ಹೊಸ ಮತಕ್ಕೆ ಬಂದ ಮೇಲೆ ಅದೇ ಅಭ್ಯಾಸವನ್ನು ಬಿಡಲಿಲ್ಲ. ವ್ರತದ ಸ್ಥಾನದಲ್ಲಿ ಸಿದ್ಧಾಂತವನ್ನೂ, ತೀರ್ಥದ ಸ್ಥಾನದಲ್ಲಿ ಸಂಸ್ಕಾರವನ್ನೂ ಇಟ್ಟುಕೊಂಡಿತು. ರಕ್ಷಣೆಯು ತಾನು ನಡೆಸುವ ಕಾರ್ಯಕ್ಕೆ ಸಲ್ಲುವ ಫಲವೆಂದೇ ಅದು ಎಣಿಸುತ್ತಿತ್ತು. ಅದು ಕೊಡುಗೆಯೆಂದು, ಕೊಡುಗೆಯನ್ನು ಪಡೆಯಲು ಅರ್ಹತೆಯ ಅವಶ್ಯಕತೆಯಿಲ್ಲವೆಂದು, ಕೈಚಾಚಿದರೆ ಸಾಕೆಂದು ಮನಸ್ಸಿಗೆ ಮುಟ್ಟಿದುದು ಎಂಟು ವರ್ಷಗಳ ಅನಂತರ. ಆಗ ತಮಗೆ ಸಹಾಯವಾದ ಪುಸ್ತಕವನ್ನು ಅವರು ಹೆಸರಿಸಿದ್ದಾರೆ. ಅದು ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ. ಈ ಪಾದ್ರಿಯು ವರ್ಷಗಟ್ಟಲೆ ಇತರರಿಗೆ ಉಪದೇಶಮಾಡಿ, ೧೮೫೧ರಲ್ಲಿ ಒಂದು ದಿನ ತನ್ನ ಉಪದೇಶವನ್ನು ತಾನೇ ನುಡಿಯುತ್ತಿರುವಾಗ ಪರಿವರ್ತನೆ ಹೊಂದಿದವನು. ಮತದ ಅಧಿಕಾರಿಯೇ ಮತದ ಸಾರವನ್ನು ಅರಿಯದಿರಬಹುದೆಂಬ ಈ ದೃಷ್ಟಾಂತವು ರಮಾಬಾಯಿಯವರಿಗೆ ಕನ್ನಡಿಯಾದುದು ಆಶ್ಚರ್ಯವಲ್ಲ.

೪

ಇಲ್ಲಿಯವರೆಗೆ ಗ್ರಂಥವು ತನ್ನನ್ನು ಕುರಿತು ಹೇಳಿಕೊಳ್ಳುವ ಮಾತಾಯಿತು. ವಿಮರ್ಶೆಯ ಕೆಲಸವು ಅಷ್ಟಕ್ಕೆ ಮುಗಿಯುವುದಿಲ್ಲ. ‘ಸಾಕ್ಷ್ಯ’ವು ಬರೆಯಲ್ಪಟ್ಟುದು ೧೯೦೭ರಲ್ಲಿ, ಗ್ರಂಥಕರ್ತ್ರಿಗೆ ಐವತ್ತು ವರ್ಷ ಸಮೀಪಿಸಿದಾಗ, ೧೯೦೫ರಲ್ಲಿ ಕೇಡಗಾಂವಿನ ಮುಕ್ತಿಸದನದಲ್ಲಿ ತೋರಿಬಂದ ಧಾರ್ಮಿಕ ಉಜ್ಜೀವನದ ಆವೇಶವು ಇನ್ನೂ ಆರದಿದ್ದಾಗ. ಆ ಎಂಟು ವರ್ಷಗಳಲ್ಲಿ ಅವರು ನಿಜವಾಗಿಯೂ ಏನನ್ನು ಆಲೋಚಿಸುತ್ತಿದ್ದರೆಂಬುದಕ್ಕೆ ಬೇರೊಂದು ಆಧಾರವಿದೆ. ವಾಂಟೇಜಿನ ಸಹೋದರಿ ಜೆರಾಲ್ಡೀನ್, ಚೆಲ್ಟನ್ಹ್ಯಾಮಿನ ಮುಖ್ಯಾಧ್ಯಾಪಿಕೆ ಡೊರೊಥಿಯಾ ಬೀಲ್ ಮೊದಲಾದವರೊಡನೆ ಅವರು ನಡೆಸಿದ ಪತ್ರವ್ಯವಹಾರವು ೧೯೭೭ರಲ್ಲಿ ಎ. ಬಿ. ಶಹಾ ಅವರ ಸಂಪಾದಕತ್ವದಲ್ಲಿ ಪ್ರಕಟವಾಗಿದೆ. ಈ ಪತ್ರಗಳನ್ನು ‘ಸಾಕ್ಷ್ಯ’ದ ಪಕ್ಕದಲ್ಲಿಟ್ಟು ಓದದೆ ಅದರ ಬೆಲೆಯನ್ನು ಕಟ್ಟಲಾಗದು.

ಪತ್ರಗಳಲ್ಲಿ ಕಾಣುವ ರಮಾಬಾಯಿಯವರು ‘ಸಾಕ್ಷ್ಯ’ದಲ್ಲಿ ಹೇಳಿರುವಷ್ಟು ಬರಿದಾದವರಲ್ಲ. ತ್ರಯೈಕತ್ವವೇ ಮೊದಲಾದ ಸಿದ್ಧಾಂತಗಳನ್ನು ಗುರುಗಳು ಹೇಳಿದರೆಂಬ ಮಾತ್ರದಿಂದ ಒಪ್ಪಲು ಅವರು ಸಿದ್ಧರಿಲ್ಲ. ಭಾರತದ ಪುರೋಹಿತರ ನೊಗವನ್ನು ಪ್ರಯಾಸದಿಂದ ಕಳಚಿದ ತಾವು ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡುವುದಿಲ್ಲವೆಂದು ೧೮೮೫ರಲ್ಲಿ ಸ್ಪಷ್ಟವಾಗಿ ಬರೆಯುತ್ತಾರೆ; ದೇವರು ಕೊಟ್ಟ ಮನಸ್ಸಾಕ್ಷಿಯನ್ನೂ ವಿವೇಚನೆಯನ್ನೂ ಇತರರ ಕೈಗೊಪ್ಪಿಸುವುದು ಅವರಿಗೆ ಒಪ್ಪಿತವಲ್ಲ. ಶಾಕಾಹಾರವನ್ನು ಬಿಡಲಿಲ್ಲವೆಂಬುದು ಸಹೋದರಿಯರಿಗೆ ಜಾತ್ಯಭಿಮಾನದ ಉಳಿಕೆಯಾಗಿ ತೋರಿತು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗಬಾರದು ಎಂದು ಅವರು ಕೇಳಿದುದು ಅಹಂಕಾರವೆನ್ನಿಸಿತು. ಸಹೋದರಿ ಜೆರಾಲ್ಡೀನರ ದೃಷ್ಟಿಯಲ್ಲಿ ಈ ಶಿಷ್ಯೆಯ ಆಂತರಿಕ ಬೆಳವಣಿಗೆಗೆ ಅಡ್ಡಿಯಾಗಿದ್ದುದು ಅವರ ಸ್ವಾತಂತ್ರ್ಯಪ್ರಿಯತೆಯೇ.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ೧೮೯೧ರಲ್ಲಿ ಗೆಲ್ಲಲ್ಪಟ್ಟ ವಿಘ್ನವು ಈ ಸ್ವಾತಂತ್ರ್ಯವೇ ಆಗಿದ್ದರೆ, ನಂಬಿಕೆಯೆಂದರೆ ವಿವೇಚನೆಯ ಶರಣಾಗತಿಯೆಂದಾಗುತ್ತದೆ. ಸಹೋದರಿಯರ ಆಕ್ಷೇಪಣೆಯೇ ಸರಿಯೆಂದಾಗುತ್ತದೆ. ಸ್ತುತಿಕಾರರು ಅನೇಕರು ಹಾಗೆಯೇ ಅರ್ಥಮಾಡಿದ್ದಾರೆ. ನಿಂದಕರೂ ಅದನ್ನೇ ಹಿಡಿದು, ಸ್ವತಂತ್ರಬುದ್ಧಿಯ ಸುಧಾರಕಿಯೊಬ್ಬಳು ಭಾವಾವೇಶದಲ್ಲಿ ಕರಗಿಹೋದಳೆಂದು ವ್ಯಸನಪಟ್ಟಿದ್ದಾರೆ. ಆದರೆ ಮುಂದಿನ ಜೀವನವು ಈ ಎರಡು ಅಭಿಪ್ರಾಯಗಳಿಗೂ ಎಡೆಕೊಡುವುದಿಲ್ಲ. ೧೮೯೧ರ ಅನಂತರವೂ ಅವರು ಯಾವ ಪಂಗಡದ ಆಜ್ಞೆಗೂ ಒಳಪಡಲಿಲ್ಲ. ಕೇಡಗಾಂವಿನ ಮುಕ್ತಿಸದನವನ್ನು ಯಾವ ಮಿಷನ್ನಿನ ಅಧೀನಕ್ಕೂ ಕೊಡಲಿಲ್ಲ. ಪ್ರಚಲಿತವಿದ್ದ ಮರಾಠಿ ಬೈಬಲಿನ ಭಾಷೆ ತೃಪ್ತಿಯನ್ನು ಕೊಡದಿರಲು, ಇಳಿವಯಸ್ಸಿನಲ್ಲಿ ಹೀಬ್ರೂ ಗ್ರೀಕ್ ಭಾಷೆಗಳನ್ನು ಸ್ವಂತವಾಗಿ ವ್ಯಾಸಂಗಮಾಡಿ, ಮೂಲದಿಂದ ತಾವೇ ಭಾಷಾಂತರಿಸಲು ಹೊರಟರು. ಮನಸ್ಸನ್ನು ಒಪ್ಪಿಸಿಬಿಟ್ಟವರು ಮಾಡುವ ಕೆಲಸ ಇದಲ್ಲ.

ಆದುದರಿಂದ ‘ಸಾಕ್ಷ್ಯ’ವನ್ನು ಹೀಗೆ ಅರ್ಥಮಾಡುವುದು ಹೆಚ್ಚು ಸಮಂಜಸವಾಗಿದೆ. ನಂಬಿಕೆಯು ಗೆದ್ದುದು ವಿವೇಚನೆಯನ್ನಲ್ಲ. ವಿವೇಚನೆಯಿಂದಲೇ ರಕ್ಷಣೆಯನ್ನು ಗಳಿಸಬಹುದೆಂಬ ಲೆಕ್ಕಾಚಾರವನ್ನು. ಇತರರ ಸಾಕ್ಷಿಯನ್ನು ಒಪ್ಪದೆ ತಾನೇ ಕಂಡು ತಿಳಿಯಬೇಕೆಂಬ ಅದೇ ಹಟವು, ಬರಿಯ ಸಿದ್ಧಾಂತದಿಂದ ತೃಪ್ತಿಪಡಲೂ ಅವರನ್ನು ಬಿಡಲಿಲ್ಲ. ಗುರುಗಳ ಮಾತನ್ನು ನಂಬಿ ಸುಮ್ಮನಾಗಿದ್ದರೆ ಎಂಟು ವರ್ಷಗಳ ಹಸಿವೂ ಇರುತ್ತಿರಲಿಲ್ಲ, ಎಂಟನೆಯ ವರ್ಷದ ತೃಪ್ತಿಯೂ ಇರುತ್ತಿರಲಿಲ್ಲ. ಅಡ್ಡಿಯೆಂದು ಹೊರಗಿನವರಿಗೆ ಕಂಡುದು ದಾರಿಯೇ ಆಗಿತ್ತು. ಇದನ್ನು ‘ಸಾಕ್ಷ್ಯ’ವು ಬಾಯಿಬಿಟ್ಟು ಹೇಳುವುದಿಲ್ಲ, ಪತ್ರಗಳೊಡನೆ ಓದಿದಾಗ ಮಾತ್ರ ಹೊರಪಡುತ್ತದೆ.

೫

ಗ್ರಂಥದ ರಚನೆಯ ವಿಷಯದಲ್ಲಿಯೂ ಕೆಲವು ಮಾತುಗಳು ಅವಶ್ಯ. ಪಾಪದ ಅರಿವು, ಹತಾಶೆ, ಒಂದು ವಾಕ್ಯದ ಬೆಳಕು, ಆನಂದ, ಇತರರಿಗೆ ಸಾರುವ ಉತ್ಸಾಹ: ಈ ಅನುಕ್ರಮವು ಇಂಗ್ಲಿಷ್ ಪ್ರಾಟೆಸ್ಟಂಟರ ಆತ್ಮಕಥೆಗಳಲ್ಲಿ ಬಹುಕಾಲದಿಂದ ಬಂದ ಅಚ್ಚು. ೧೬೭೮ರಲ್ಲಿ ಹೊರಬಂದ ಬನ್ಯನ್ನನ ಪ್ರಸಿದ್ಧ ರೂಪಕಕಥೆಯು ಇದಕ್ಕೆ ಯಾತ್ರೆಯ ಆಕಾರವನ್ನು ಕೊಟ್ಟಿತು. ಆ ಕಥೆಯನ್ನು ಮಂಗಳೂರಿನ ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ತಂದಿರುವುದರಿಂದ ಕನ್ನಡ ವಾಚಕರಿಗೆ ಈ ಅಚ್ಚು ಅಪರಿಚಿತವಲ್ಲ. ಬನ್ಯನ್ನನ ಯಾತ್ರಿಕನ ಬೆನ್ನಮೇಲಣ ಹೊರೆಯು ಶಿಲುಬೆಯ ಬಳಿ ಉರುಳಿಬಿದ್ದ ಮೇಲೂ ಅವನ ದಾರಿ ಮುಗಿಯುವುದಿಲ್ಲ. ಸಂದೇಹದ ದುರ್ಗವೂ ನಿರಾಶೆಯೆಂಬ ದೈತ್ಯನೂ ಎದುರಾಗುವುದು ಅನಂತರವೇ. ರಮಾಬಾಯಿಯವರಲ್ಲಿ ಕ್ರಮವು ತಿರುಗುಮುರುಗಾಗಿದೆ. ಅವರು ಶಿಲುಬೆಯ ಬಳಿಗೆ ಬಂದರು, ಅದನ್ನು ಪೂಜ್ಯವೆಂದು ಒಪ್ಪಿದರು, ಹೊರೆಯನ್ನು ಮಾತ್ರ ಇಳಿಸದೆ ಎಂಟು ವರ್ಷ ನಡೆದರು. ಬನ್ಯನ್ನನಿಗೆ ಯಾತ್ರೆಯು ಉಪಮಾನ. ಇವರಿಗೆ ಅದು ಕಾಲಿಗೆ ಗೊತ್ತಿದ್ದ ಸಂಗತಿ. ಸಹಸ್ರಾರು ಮೈಲಿ ನಿಜವಾಗಿಯೂ ನಡೆದವರು ‘ದಾರಿ’ ಎಂಬ ಪದವನ್ನು ಬಳಸಿದಾಗ ಅದಕ್ಕೆ ಬೇರೊಂದು ತೂಕ ಬರುತ್ತದೆ.

ಈ ಅನುಭವವು ಕನ್ನಡದ ಭಕ್ತಿಸಾಹಿತ್ಯಕ್ಕೂ ದೂರವಾದುದಲ್ಲ. ಓದಿನ ಗರ್ವವು ಅನುಭಾವಕ್ಕೆ ಅಡ್ಡವೆಂಬುದನ್ನು ವಚನಕಾರರು ಹನ್ನೆರಡನೆಯ ಶತಮಾನದಲ್ಲಿಯೇ ತೀಕ್ಷ್ಣವಾಗಿ ಸಾರಿದ್ದಾರೆ. ಬಾಹ್ಯಾಚಾರದ ಸ್ನಾನ ಮಡಿಗಳನ್ನು ಕನಕ ಪುರಂದರಾದಿ ದಾಸರು ಹಾಸ್ಯಮಾಡಿದ್ದಾರೆ. ಹಂಪೆಯ ಹರಿಹರನು ‘ನಂಬಿಯಣ್ಣನ ರಗಳೆ’ಯಲ್ಲಿ ಚಿತ್ರಿಸಿದ ಭಕ್ತನ ಹೆಸರಿನಲ್ಲಿಯೇ ನಂಬುಗೆಯ ಧ್ವನಿಯಿದೆ. ಕನ್ನಡ ಬೈಬಲಿನ ಭಾಷಾಂತರಕಾರರು ಈ ‘ನಂಬು’ ಧಾತುವಿನಿಂದ ಬಂದ ‘ನಂಬಿಕೆ’ಯೆಂಬ ಪದವನ್ನು ಆರಿಸಿಕೊಂಡುದು ಭಾಗ್ಯವೆನ್ನಬೇಕು. ಕಥೋಲಿಕರಲ್ಲಿ ಬಳಕೆಯಾಗಿರುವ ‘ವಿಶ್ವಾಸ’ವೂ ಸಾಧುವಾದ ಪದವೇ. ಆದರೆ ಕನ್ನಡದಲ್ಲಿ ನಂಬುವುದೆಂದರೆ ಒಂದು ಮಾತನ್ನು ನಿಜವೆಂದು ಒಪ್ಪುವುದು ಮಾತ್ರವಲ್ಲ. ಒಬ್ಬರ ಮೇಲೆ ಭಾರವನ್ನು ಹಾಕುವುದೂ ಹೌದು. ನಂಬಿ ಬಂದವರು, ನಂಬಿ ಕೆಟ್ಟವರು ಎಂಬ ಮಾತುಗಳಲ್ಲಿ ಈ ಅರ್ಥವು ಸ್ಪಷ್ಟವಾಗಿದೆ. ರಮಾಬಾಯಿಯವರ ಎಂಟು ವರ್ಷಗಳ ದೂರವೆಂಬುದು ಈ ಎರಡು ಅರ್ಥಗಳ ನಡುವಣ ದೂರವೇ. ಮೊದಲು ಅವರು ಕ್ರಿಸ್ತನ ವಿಷಯವನ್ನು ನಂಬಿದರು. ಅನಂತರ ಕ್ರಿಸ್ತನನ್ನು ನಂಬಿದರು.

ಭೇದವೊಂದನ್ನು ಮರೆಯಬಾರದು. ವಚನಕಾರರಲ್ಲಿಯೂ ದಾಸರಲ್ಲಿಯೂ ಭಕ್ತನ ಹೀನಸ್ಥಿತಿಯ ಚಿತ್ರವು ಪದೇ ಪದೇ ಬರುತ್ತದೆ. ಒಂದು ದಿನ ಗೆದ್ದ ಮನಸ್ಸು ಮರುದಿನ ಸೋಲುತ್ತದೆ, ಭಕ್ತನು ಮತ್ತೆ ಮೊರೆಯಿಡುತ್ತಾನೆ. ‘ಸಾಕ್ಷ್ಯ’ದಲ್ಲಿ ಸೋಲು ಗೆಲುವುಗಳ ನಡುವೆ ಒಂದು ದಿನಾಂಕವಿದೆ, ಅತ್ತ ಕತ್ತಲೆ, ಇತ್ತ ಬೆಳಕು. ಈ ಸ್ಪಷ್ಟತೆಯು ಅಚ್ಚಿನ ಗುಣವೂ ಹೌದು, ದೋಷವೂ ಹೌದು. ೧೮೯೧ರ ಅನಂತರದ ಸಂಕಟಗಳು ಸಾಮಾನ್ಯವಾದುವಲ್ಲ. ೧೮೯೩ರಲ್ಲಿ ಮತಾಂತರದ ಶಂಕೆಯಿಂದ ಶಾರದಾಸದನದ ವಿದ್ಯಾರ್ಥಿನಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು; ಮಿತ್ರರು ದೂರವಾದರು. ಇವುಗಳಿಂದ ಆಂತರ್ಯದಲ್ಲಿ ಏನಾಯಿತೆಂಬುದನ್ನು ‘ಸಾಕ್ಷ್ಯ’ವು ಆಳವಾಗಿ ಶೋಧಿಸುವುದಿಲ್ಲ.

೬

ಗ್ರಂಥದ ಇತರ ನ್ಯೂನತೆಗಳನ್ನೂ ಮುಚ್ಚಿಡುವುದು ಯುಕ್ತವಲ್ಲ. ತಮ್ಮನ್ನು ವಿದ್ಯಾವತಿಯನ್ನಾಗಿ ಮಾಡಿದ ಪರಂಪರೆಯನ್ನು ಕುರಿತು ರಮಾಬಾಯಿಯವರು ಆಡಿರುವ ಕೆಲವು ಮಾತುಗಳು ಕಠಿನವಾಗಿವೆ. ಸ್ತ್ರೀಶೂದ್ರರ ವಿಷಯದಲ್ಲಿ ಅವರ ಆಕ್ಷೇಪಣೆಗೆ ಬಲವಾದ ಆಧಾರವಿದ್ದರೂ, ಅದೇ ದೇಶದ ಭಕ್ತರು ಅದೇ ಆಕ್ಷೇಪಣೆಯನ್ನು ಅವರಿಗಿಂತ ಮೊದಲೇ ಎತ್ತಿದ್ದರೆಂಬುದು ಇಲ್ಲಿ ಗಣನೆಗೆ ಬಂದಿಲ್ಲ. ಕನ್ನಡವನ್ನು ಬಲ್ಲ ಅವರಿಗೆ ಶೂದ್ರರೂ ಸ್ತ್ರೀಯರೂ ಸೇರಿ ಕಟ್ಟಿದ ವಚನಸಾಹಿತ್ಯವು ಎದುರಾಗದೆ ಹೋದುದು ದುರ್ದೈವ. ಪತಿಯಾದ ಮೇಧಾವಿಯವರಿಗೆ ಮೀಸಲಾದ ಸಾಲುಗಳು ಬಹು ಸ್ವಲ್ಪ. ಕ್ಷೇತ್ರಯಾತ್ರೆಯ ವ್ರತಗಳೆಲ್ಲವೂ ಪುಣ್ಯದ ವ್ಯಾಪಾರವೆಂಬಂತೆ ಚಿತ್ರಿತವಾಗಿರುವುದೂ ಸಂಪೂರ್ಣವಾಗಿ ನ್ಯಾಯವಲ್ಲ. ಮೈಲಾರದ ಗೊರವಯ್ಯನ ಉಪವಾಸವು ನುಡಿಯನ್ನು ಕೊಂಡುಕೊಳ್ಳುವುದಕ್ಕಲ್ಲ, ನುಡಿಗೆ ತನ್ನಲ್ಲಿ ಎಡೆಮಾಡಿಕೊಡುವುದಕ್ಕೆ. ಕೊಡುವುದು ದೈವದ ಇಚ್ಛೆಯೆಂಬ ತಿಳಿವು ಆ ಆಚಾರದಲ್ಲಿಯೂ ಇದೆ.

ಹೀಗಿದ್ದರೂ ಗ್ರಂಥಕರ್ತ್ರಿಯ ಹೃದಯವು ತಮ್ಮ ಪೂರ್ವಿಕರ ವಿಷಯದಲ್ಲಿ ಕಲ್ಲಾಗಿರಲಿಲ್ಲ. ಗ್ರಂಥದಲ್ಲೆಲ್ಲ ಅತ್ಯಂತ ಹೃದಯಸ್ಪರ್ಶಿಯಾದ ಪ್ರಸಂಗವೆಂದರೆ ಮರಣಶಯ್ಯೆಯಲ್ಲಿದ್ದ ತಂದೆಯ ಮಾತು. ವೃದ್ಧರಾದ, ಕಣ್ಣು ಕಾಣದ ಆ ಶಾಸ್ತ್ರಿಗಳು ಮಗಳನ್ನು ಅಪ್ಪಿಕೊಂಡು, ತಾನು ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಆಕೆ ಆತನಿಗೇ ಸೇರಿ ಜೀವಮಾನವೆಲ್ಲ ಆತನನ್ನೇ ಸೇವಿಸಬೇಕೆಂದೂ ಹೇಳುತ್ತಾರೆ. ಮಗಳು ಮುಂದೆ ತಂದೆಯ ಮತವನ್ನು ಬಿಟ್ಟರು. ತಂದೆಯ ಈ ಮಾತನ್ನು ಮಾತ್ರ ಬಿಡಲಿಲ್ಲ. ತಮ್ಮ ಕ್ರೈಸ್ತಜೀವನವನ್ನು ಆ ಮಾತಿನ ನೆರವೇರಿಕೆಯೆಂದೇ ಅವರು ಭಾವಿಸುತ್ತಾರೆ. ಮತಾಂತರವನ್ನು ಪಿತೃದ್ರೋಹವೆಂದು ಎಣಿಸುವವರಿಗೂ, ಹಿಂದಿನದೆಲ್ಲವೂ ಕತ್ತಲೆಯೆಂದು ಎಣಿಸುವವರಿಗೂ ಈ ಒಂದು ಪುಟವು ಉತ್ತರವಾಗಿದೆ. ಉಡುಪಿಯ ಸಭೆಯಲ್ಲಿ ಗ್ರಂಥಾಧಾರವನ್ನು ಹಿಡಿದು ಒಬ್ಬಂಟಿಗರಾಗಿ ನಿಂತ ತಂದೆಗೂ, ವಾಂಟೇಜಿನಲ್ಲಿ ಮನಸ್ಸಾಕ್ಷಿಯನ್ನು ಹಿಡಿದು ಒಬ್ಬಂಟಿಗರಾಗಿ ನಿಂತ ಮಗಳಿಗೂ ಇರುವ ಹೋಲಿಕೆಯನ್ನು ಗ್ರಂಥವು ಎತ್ತಿ ತೋರಿಸದಿದ್ದರೂ ವಾಚಕರು ಕಾಣದಿರಲಾರರು.

ನಂಬಿಕೆಯ ಆಳವನ್ನು ಅಳೆಯಲು ಮಾತಿಗಿಂತ ಕೃತಿಯೇ ಸಾಧನ. ೧೮೯೬–೯೭ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಹೋಗಿ, ಹಸಿವಿನಿಂದ ಸಾಯುತ್ತಿದ್ದ ಬಾಲೆಯರನ್ನೂ ವಿಧವೆಯರನ್ನೂ ನೂರಾರು ಸಂಖ್ಯೆಯಲ್ಲಿ ಕರೆತಂದು ಕೇಡಗಾಂವಿನಲ್ಲಿ ಆಶ್ರಯ ಕೊಟ್ಟರು. ೧೯೦೦ರ ಕ್ಷಾಮದಲ್ಲಿ ಗುಜರಾತಿನಿಂದಲೂ ಕರೆತಂದರು. ಇಪ್ಪತ್ತು ವರ್ಷಗಳ ಹಿಂದೆ ತಿರುಪತಿಯ ಕಾಡಿನಲ್ಲಿ ಎಲೆಯನ್ನು ತಿಂದು ಬದುಕಿದ ಹುಡುಗಿಯೇ ಈಗ ಇತರರ ಬಾಯಿಗೆ ಅನ್ನವನ್ನಿಟ್ಟರು. ಅವರ ಮಗಳು ಮನೋರಮೆ ಮುಂದೆ ಕಲಬುರಗಿಯಲ್ಲಿ ಶಾಲೆಯೊಂದನ್ನು ನಡೆಸಿದುದರಿಂದ ತಾಯಿಯ ಕೆಲಸದ ಒಂದು ಕೊಂಬೆ ಕನ್ನಡ ನಾಡಿಗೂ ಚಾಚಿತು. ೧೯೨೧ರಲ್ಲಿ ಆ ಮಗಳೂ ತಾಯಿಗಿಂತ ಮೊದಲೇ ತೀರಿಕೊಂಡಳು. ತಾಯಿಯು ಬೈಬಲಿನ ಭಾಷಾಂತರವನ್ನು ಕೈಬಿಡದೆ, ೧೯೨೨ರ ಏಪ್ರಿಲ್ ೫ರಂದು ಮರಣ ಹೊಂದುವವರೆಗೂ ಅದರಲ್ಲಿಯೇ ತೊಡಗಿದ್ದರು. ೧೯೦೭ರಲ್ಲಿ ಬರೆದ ‘ಸಾಕ್ಷ್ಯ’ಕ್ಕೆ ಈ ಕೊನೆಯ ವರ್ಷವೇ ಅತ್ಯುತ್ತಮವಾದ ಟೀಕೆ.

ಅಂತರಂಗದ ವಿಘ್ನವು ಕೆಟ್ಟದ್ದರ ರೂಪದಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ಒಳ್ಳೆಯದರ ರೂಪದಲ್ಲಿ, ವಿದ್ಯೆಯ ರೂಪದಲ್ಲಿ, ಮತದ ರೂಪದಲ್ಲಿಯೂ ಬರಬಹುದು. ಹಾಗೆ ಬಂದ ವಿಘ್ನವನ್ನು ಗುರುತಿಸುವುದು ಕಷ್ಟ. ಗುರುತಿಸಿ ಬಹಿರಂಗವಾಗಿ ಒಪ್ಪಿಕೊಳ್ಳುವುದು ಇನ್ನೂ ಕಷ್ಟ. ಪಾಂಡಿತ್ಯಕ್ಕಾಗಿ ಲೋಕವು ಬಿರುದನ್ನಿತ್ತ ಒಬ್ಬ ಸ್ತ್ರೀಯು, ಆ ಪಾಂಡಿತ್ಯವು ತನಗೆ ಎಲ್ಲಿಯವರೆಗೆ ದಾರಿಯಾಯಿತು, ಎಲ್ಲಿಂದ ಮುಂದೆ ಸಾಲದಾಯಿತು ಎಂಬುದನ್ನು ನಿಷ್ಕಪಟವಾಗಿ ಬರೆದಿಟ್ಟಿರುವುದರಿಂದ ಈ ಚಿಕ್ಕ ಗ್ರಂಥವು ಒಂದು ಮತದವರ ಸೊತ್ತಾಗಿ ಮಾತ್ರ ಉಳಿಯತಕ್ಕದ್ದಲ್ಲ. ಗಂಗಾಮೂಲದಲ್ಲಿ ಹುಟ್ಟಿದ ಈ ಲೇಖಕಿಯ ಕೃತಿಗೆ ಕನ್ನಡದ ಆತ್ಮಚರಿತ್ರೆಗಳ ಅಭ್ಯಾಸದಲ್ಲಿ ಒಂದು ಸ್ಥಾನ ಸಲ್ಲಬೇಕು. ಪತ್ರಸಂಪುಟವನ್ನೂ ಜೊತೆಗಿಟ್ಟುಕೊಂಡು, ಎರಡರ ಮಾತನ್ನೂ ಕೇಳಿ, ಅದನ್ನು ಓದಬೇಕು.